ರಾಗಿಯಲ್ಲಿ ಕ್ಯಾಲೊರಿ ಕಡಮೆಯೇ?

ರಾಗಿ ತಿಂದವರ ಮೈ ಇಳಿಯುತ್ತದೆ, ಅಕ್ಕಿ ತಿಂದವರ ಮೈ ಬೆಳೆಯುತ್ತದೆ ಎಂಬ ಮಾತು ಈಗ ಬೆಂಗಳೂರಿನಲ್ಲಿ ಎಲ್ಲೆಲ್ಲೂ ಕೇಳಿಬರುತ್ತಿದೆ. ಪಟ್ಟಣದವರಿಂದ ಈ ಮಾತು ಹಳ್ಳಿಗೂ ಬಂದು, ರಾಗಿ ಬೆಳೆಯುವ ರೈತರೂ ಅದನ್ನೇ ನಂಬಿ ಹೇಳತೊಡಗಿದ್ದಾರೆ. ಈ ಮಾತನ್ನು ಹರಡಿದವರಲ್ಲಿ ನಾನೂ ಸೇರಿದ್ದೇನೆ. ಆದುದರಿಂದ ನನ್ನ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದು ಮೇಲು.

ಕೆಲವು ವರ್ಷಗಳ ಹಿಂದೆ ಹೊಸಕೋಟೆ ಕಡೆಯ ಒಂದು ರೈತ ಗುಂಪಿಗೆ ತರಬೇತಿ ಏರ್ಪಾಡಾಗಿತ್ತು. ನಾನು ಬೇಸಾಯ ಶಾಸ್ತ್ರದವನು. ಆಹಾರ ಶಾಸ್ತ್ರ ನನ್ನ ವಿಷಯವಲ್ಲ. ಆದರೂ ತಳಿ, ಬಿತ್ತನೆ, ಗೊಬ್ಬರಗಳ ವಿಷಯ ಹೇಳಿ ಮುಗಿಸಿದ ಮೇಲೆ, ಸೇರಿದ್ದವರ ಉತ್ಸಾಹ ಕಂಡು, 'ರಾಗಿ ಕಡಮೆ ಕ್ಯಾಲೊರಿಯ ಧಾನ್ಯ, ಪಟ್ಟಣದವರು ಹುಡುಕಿಕೊಂಡು ಬರುತ್ತಾರೆ' ಎಂದುಬಿಟ್ಟೆ. ಗುಂಪಿನವರು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡರು. ರಾಗಿ ಹಿಟ್ಟಿನ ಪೊಟ್ಟಣಗಳ ಮೇಲೆ ಅದನ್ನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಇಂದಿರಾನಗರದ ಒಂದು ಅಂಗಡಿಗೆ ಕೊಟ್ಟರು. ಕೆಲವು ದಿನಗಳ ಮೇಲೆ ಸಕ್ಕರೆ ಕಾಯಿಲೆಯ ಗಿರಾಕಿಯೊಬ್ಬರು ಪೊಟ್ಟಣವನ್ನು ತಿರುಗಿಸಿ ನೋಡಿ, 'ಮುಂದೆ ಕಡಮೆ ಕ್ಯಾಲೊರಿ ಎಂದಿದೆ, ಹಿಂದೆ ನೂರು ಗ್ರಾಂಗೆ 328 ಎಂದಿದೆ. ನನ್ನ ಮನೆಯ ಅಕ್ಕಿಯ ಚೀಲದಲ್ಲಿ 345 ಎಂದಿದೆ. ಇದರಲ್ಲಿ ಕಡಮೆ ಎಲ್ಲಿದೆ?' ಎಂದು ಕೇಳಿದರಂತೆ. ಅಂಗಡಿಯವರಲ್ಲಿ ಉತ್ತರವಿರಲಿಲ್ಲ. ಮಾಲು ಹಿಂದಿರುಗಿ ಬಂತು, ಅಚ್ಚಾದ ಚೀಟಿಗಳೆಲ್ಲ ಒಲೆಗೆ ಹೋದವು. ಗುಂಪಿನ ಕಾರ್ಯದರ್ಶಿ ನನಗೆ ಫೋನು ಮಾಡಿ ಬೈಯಲಿಲ್ಲ, 'ಸಾರ್, ಲೆಕ್ಕ ಒಂದು ಸಲ ಸರಿಯಾಗಿ ಹೇಳಿಕೊಡಿ' ಎಂದರು ಅಷ್ಟೆ. ಬೈದಿದ್ದರೆ ಸುಲಭವಾಗುತ್ತಿತ್ತು.

ಆ ಲೆಕ್ಕವೇ ಈ ಲೇಖನ.

ಕ್ಯಾಲೊರಿ ಎಂಬುದು ಔಷಧಿಯೂ ಅಲ್ಲ, ವಿಷವೂ ಅಲ್ಲ. ಅದು ಶಾಖದ ಅಳತೆ. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾದ ಶಾಖಕ್ಕೆ ಒಂದು ಕಿಲೊಕ್ಯಾಲೊರಿ ಎಂದು ಹೆಸರು. ಮಾತಿನಲ್ಲಿ ಇದನ್ನೇ ನಾವು ಬರಿಯ ಕ್ಯಾಲೊರಿ ಎನ್ನುತ್ತೇವೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ನಮ್ಮ ದೇಹಕ್ಕೆ ದಕ್ಕುವ ಶಕ್ತಿ ನಾಲ್ಕು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಸಾಕು. ಒಂದು ಮುದ್ದೆ ಎಷ್ಟು ಸೌದೆಗೆ ಸಮವೆಂದು ಇದರಿಂದ ಊಹಿಸಿಕೊಳ್ಳಬಹುದು.

ಈ ಲೆಕ್ಕಕ್ಕೆ ತಳಹದಿ ಹಾಕಿದವರು ಅಮೆರಿಕದ ವಿಲ್ಬರ್ ಆಟ್‌ವಾಟರ್. ಅವರು ಮೂಲತಃ ನಮ್ಮ ಕಡೆಯವರೇ, ಅಂದರೆ ಕೃಷಿ ವಿಜ್ಞಾನಿ. 1875ರಲ್ಲಿ ಕನೆಕ್ಟಿಕಟ್‌ನಲ್ಲಿ ಆರಂಭವಾದ ಕೃಷಿ ಪ್ರಯೋಗ ಕೇಂದ್ರದ ಮೊದಲ ನಿರ್ದೇಶಕರು. ಗೊಬ್ಬರ ಮತ್ತು ಮೇವಿನ ಪರೀಕ್ಷೆಯಿಂದ ತೊಡಗಿ ಮನುಷ್ಯನ ಆಹಾರದ ಪರೀಕ್ಷೆಗೆ ಬಂದವರು. ಒಂದು ಗ್ರಾಂ ಶರ್ಕರಪಿಷ್ಟದಿಂದ 4, ಒಂದು ಗ್ರಾಂ ಸಸಾರಜನಕದಿಂದ 4, ಒಂದು ಗ್ರಾಂ ಜಿಡ್ಡಿನಿಂದ 9 ಕಿಲೊಕ್ಯಾಲೊರಿ ಎಂಬ ಸರಾಸರಿ ಸೂತ್ರ ಅವರ ಕೆಲಸದಿಂದ ಬಂದದ್ದು. ನೀರಿನಿಂದ ಸೊನ್ನೆ. ಈ ನಾಲ್ಕು ಅಂಕೆಗಳನ್ನು ನೆನಪಿಟ್ಟುಕೊಂಡರೆ ಮಿಕ್ಕ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು.

ನಮ್ಮ ದೇಶದ ಆಹಾರಗಳ ಅಂಕೆಗಳನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೊಟ್ಟಿದೆ. ಅದರ 1971ರ ಪಟ್ಟಿಯಲ್ಲಿ ನೂರು ಗ್ರಾಂ ರಾಗಿಗೆ 328, ಪಾಲಿಷ್ ಮಾಡಿದ ಅಕ್ಕಿಗೆ 345, ಗೋಧಿಗೆ 346, ಜೋಳಕ್ಕೆ 349 ಕಿಲೊಕ್ಯಾಲೊರಿ ಇದೆ. ನವಣೆ 331, ಸಾಮೆ ಮತ್ತು ಬರಗು 341, ಹಾರಕ 309, ಊದಲು 307. ಸಜ್ಜೆಯದು 361, ಎಂದರೆ ಅಕ್ಕಿಗಿಂತ ಹೆಚ್ಚು. 2017ರಲ್ಲಿ ಅದೇ ಸಂಸ್ಥೆ ಹೊಸದಾಗಿ ಅಳೆದು ಪ್ರಕಟಿಸಿದ ಪಟ್ಟಿಯಲ್ಲಿ ರಾಗಿಯ ಅಂಕೆ ಸುಮಾರು 320, ಅಕ್ಕಿಯದು 356. ಹಳೆಯ ಪಟ್ಟಿ ನೋಡಿ, ಹೊಸದನ್ನು ನೋಡಿ, ಧಾನ್ಯಗಳೆಲ್ಲ ಒಂದೇ ಕೇರಿಯ ಮನೆಗಳಂತೆ ಅಕ್ಕಪಕ್ಕದಲ್ಲೇ ಇವೆ. ಒಣ ಧಾನ್ಯವೆಂದ ಮೇಲೆ ಅದರ ಬಹುಪಾಲು ಪಿಷ್ಟವೇ ಆಗಿರುತ್ತದೆ, ಪಿಷ್ಟಕ್ಕೆ ರಾಗಿಯಲ್ಲೊಂದು ಲೆಕ್ಕ ಅಕ್ಕಿಯಲ್ಲೊಂದು ಲೆಕ್ಕ ಇಲ್ಲ.

ಹಾಗಾದರೆ ಈ ತಪ್ಪು ತಿಳಿವಳಿಕೆ ಬಂದುದು ಎಲ್ಲಿಂದ? ಮುಖ್ಯವಾಗಿ ನೀರಿನಿಂದ. ನಮ್ಮ ಮನೆಯಲ್ಲಿ ತೂಗಿ ನೋಡಿದಾಗ ನೂರು ಗ್ರಾಂ ರಾಗಿ ಹಿಟ್ಟು ಬೆಂದು ಸುಮಾರು ಮುನ್ನೂರು ಗ್ರಾಂ ಮುದ್ದೆಯಾಯಿತು. ನೂರು ಗ್ರಾಂ ಅಕ್ಕಿಯೂ ಹೆಚ್ಚುಕಡಮೆ ಅಷ್ಟೇ ಅನ್ನವಾಯಿತು. ಬೆಂದ ಮುದ್ದೆಯ ನೂರು ಗ್ರಾಂ ತೆಗೆದುಕೊಂಡರೆ ನೂರಹತ್ತರ ಆಸುಪಾಸು, ಒಣ ಅಕ್ಕಿಯ ನೂರು ಗ್ರಾಂ ತೆಗೆದುಕೊಂಡರೆ 345. ಬೆಂದದ್ದನ್ನು ಒಣಗಿದ್ದರ ಪಕ್ಕದಲ್ಲಿಟ್ಟು 'ನೋಡಿ, ರಾಗಿಯಲ್ಲಿ ಮೂರನೆಯ ಒಂದು ಪಾಲು' ಎಂದು ಹೇಳುವವರನ್ನು ನಾನು ಸಭೆಗಳಲ್ಲಿಯೇ ಕಂಡಿದ್ದೇನೆ. ಹಸಿ ಭತ್ತದ ತೂಕಕ್ಕೂ ಒಣ ಭತ್ತದ ತೂಕಕ್ಕೂ ವ್ಯತ್ಯಾಸ ಗೊತ್ತಿರುವ ರೈತ ಮಂಡಿಯಲ್ಲಿ ಇಂತಹ ಮೋಸಕ್ಕೆ ಒಪ್ಪುವನೇ? ಊಟದ ತಟ್ಟೆಯ ಮುಂದೆ ಮಾತ್ರ ಒಪ್ಪಿಬಿಡುತ್ತಾನೆ.

ಇಷ್ಟು ಹೇಳಿದ ಮಾತ್ರಕ್ಕೆ ರಾಗಿಯನ್ನು ಹಳಿದೆನೆಂದು ಭಾವಿಸಬಾರದು. ರಾಗಿಯ ದೊಡ್ಡತನ ಬೇರೆಡೆ ಇದೆ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣಾಂಶವಿದೆ, ಅಕ್ಕಿಯಲ್ಲಿ 10. ನಾರಿನ ಅಂಶ ರಾಗಿಯಲ್ಲಿ ಸುಮಾರು 11 ಗ್ರಾಂ, ಪಾಲಿಷ್ ಅಕ್ಕಿಯಲ್ಲಿ ಮೂರಕ್ಕಿಂತ ಕಡಮೆ. ಈ ನಾರಿನ ಕಾರಣದಿಂದ ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡನೆಯ ಮುದ್ದೆ ಬೇಡವೆನಿಸುತ್ತದೆ. ಎರಡನೆಯ ಸಲ ಅನ್ನ ಬಡಿಸಿಕೊಳ್ಳುವುದು ಮಾತ್ರ ಯಾರಿಗೂ ಕಷ್ಟವಲ್ಲ. ರಾಗಿ ತಿಂದು ಯಾರಾದರೂ ತೂಕ ಇಳಿಸಿಕೊಂಡಿದ್ದರೆ ಅದಕ್ಕೆ ಇದೇ ಕಾರಣವೇ ಹೊರತು ಧಾನ್ಯದಲ್ಲಿ ಶಕ್ತಿ ಕಡಮೆ ಇದೆ ಎಂದಲ್ಲ. ಅದೇ ರಾಗಿಯನ್ನು ನುಣ್ಣಗೆ ಬೀಸಿ, ಬೆಲ್ಲ ತುಪ್ಪ ಸೇರಿಸಿ, ಉಂಡೆ ಕಟ್ಟಿ, ಬಿಸ್ಕತ್ತು ಮಾಡಿ ಮಾರಿದರೆ ಆ ಗುಣವೂ ಕೈಬಿಟ್ಟು ಹೋಗುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲೆ ಇಂತಹ ಉಂಡೆ ಬಿಸ್ಕತ್ತುಗಳಿಗೆ ಲೆಕ್ಕವೇ ಇಲ್ಲವಾಗಿದೆ.

ಕಾರ್ಯದರ್ಶಿಯವರಿಗೆ ಮಾತು ಕೊಟ್ಟ ಮೇಲೆ ನಾನೊಂದು ಚಿಕ್ಕ ತಕ್ಕಡಿ ಕೊಂಡುಕೊಂಡೆ. ನನ್ನ ವಾಸ ಕೆ.ಆರ್. ಪುರ. ಹಳೆ ಮದರಾಸು ರಸ್ತೆ ನನ್ನ ದಾರಿ. ಹೊಸಕೋಟೆಯಿಂದ ಬರುವ ತರಕಾರಿ, ಕೋಲಾರದಿಂದ ಬರುವ ಮಾವು ಟೊಮೇಟೊ, ಎಲ್ಲ ಈ ದಾರಿಯಲ್ಲೇ ನಗರಕ್ಕೆ ಇಳಿಯುತ್ತವೆ. ಈ ದಾರಿಯುದ್ದಕ್ಕೂ ಜನ ಏನು ತಿನ್ನುತ್ತಾರೆಂದು ನೋಡುತ್ತ, ಮನೆಗೆ ಬಂದು ಅದನ್ನೇ ತೂಗುತ್ತ ಹೋದೆ. ಮನೆಯವರಿಗೆ ಇದು ಹುಚ್ಚಿನಂತೆ ಕಂಡಿತು. ಆದರೆ ಬಂದ ಫಲಿತಾಂಶಗಳು ನನ್ನನ್ನೇ ಬೆರಗುಗೊಳಿಸಿದವು.

ಕೆ.ಆರ್. ಪುರದ ಸಂತೆಗೆ ಬೆಳಗಿನ ಜಾವ ಮಾಲು ತಂದ ರೈತರು ಮಾರಾಟ ಮುಗಿಯುವ ತನಕ 'ಏನೂ ತಿನ್ನಲಿಲ್ಲ, ಬರೀ ಟೀ' ಎನ್ನುತ್ತಾರೆ. ಅಂಗಡಿಯ ಟೀ ಒಂದಕ್ಕೆ ಹತ್ತು ಗ್ರಾಂ ಸಕ್ಕರೆ, ಐವತ್ತು ಮಿಲಿಲೀಟರು ಹಾಲು ಎಂದು ಹಿಡಿಯಿರಿ. ದಿನಕ್ಕೆ ಆರು ಟೀ ಆದರೆ ಸಕ್ಕರೆಯಿಂದ 240, ಹಸುವಿನ ಹಾಲಿನಿಂದ 200, ಒಟ್ಟು 440 ಕಿಲೊಕ್ಯಾಲೊರಿ. ಒಂದೂ ಕಾಲು ಮುದ್ದೆಗೂ ಮಿಗಿಲು. ಏನೂ ತಿನ್ನಲಿಲ್ಲವೆಂಬುದು ಹಲ್ಲಿಗೆ ಸಂಬಂಧಪಟ್ಟಂತೆ ಮಾತ್ರ ನಿಜ. ಸಕ್ಕರೆಯ ಬದಲು ಬೆಲ್ಲ ಹಾಕಿಕೊಂಡೆವೆಂದು ಸಮಾಧಾನ ಪಡುವವರಿಗೆ ಒಂದು ಮಾತು: ಸಕ್ಕರೆ 398, ಬೆಲ್ಲ 383. ಬೆಲ್ಲದ ರುಚಿ ನನಗೂ ಇಷ್ಟ, ಮಂಡ್ಯದ ಬೆಲ್ಲವಾದರಂತೂ ಮತ್ತೂ ಇಷ್ಟ. ಆದರೆ ಈ ಲೆಕ್ಕದಲ್ಲಿ ಅದು ಸಕ್ಕರೆಯ ತಮ್ಮನೇ.

ಅದೇ ಸಂತೆಯಲ್ಲಿ ಕಡಲೆಪುರಿ ಮಾರುವವರಿದ್ದಾರೆ. ಪುರಿಯನ್ನು ತೂಕದಲ್ಲಿ ನೋಡಿದರೆ ನೂರು ಗ್ರಾಂಗೆ 325, ರಾಗಿಯಷ್ಟೇ. ಆದರೆ ಒಂದು ಹಿಡಿ ಪುರಿ ಹತ್ತು ಗ್ರಾಂ ತೂಗುವುದೂ ಕಷ್ಟ. ಎರಡು ಹಿಡಿ ತಿಂದರೂ 65 ದಾಟುವುದಿಲ್ಲ. ಅದಕ್ಕೆ ಅರ್ಧ ಹಿಡಿ ಹುರಿದ ಕಡಲೆಕಾಯಿ ಬೀಜ ಸೇರಿದರೆ 85, ಕಲಸಲು ಒಂದು ಚಮಚ ಎಣ್ಣೆ ಬಿದ್ದರೆ ಇನ್ನೂ 45. ಪೊಟ್ಟಣದ ತುಂಬ ಕಾಣುವುದು ಪುರಿ, ಶಕ್ತಿಯ ಮೂರನೆಯ ಎರಡು ಪಾಲು ಬರುವುದು ಕಣ್ಣಿಗೆ ಕಾಣದ ಎಣ್ಣೆಯಿಂದಲೂ ಬೀಜದಿಂದಲೂ. ಬರೀ ಕಡಲೆಕಾಯಿ ಬೀಜವಾದರೆ ಒಂದು ಹಿಡಿ, ಎಂದರೆ ಮೂವತ್ತು ಗ್ರಾಂ, 170 ಕಿಲೊಕ್ಯಾಲೊರಿ. ಅರ್ಧ ಮುದ್ದೆ! ಹೊಲದ ಬದುವಿನ ಮೇಲೆ ಕುಳಿತು ಹಸಿ ಕಾಯಿ ಸುಲಿದು ತಿನ್ನುವ ಕೂಲಿಯಾಳಿಗೆ ಇದು ವರ. ದೂರದರ್ಶನದ ಮುಂದೆ ಕುಳಿತವರಿಗೆ ಬೇರೆ ಮಾತು.

ಹಲಸೂರಿಗೆ ಬಂದರೆ ಹೆಸರೇ ಹಣ್ಣಿನದು. ಹಿಂದೆ ಇಲ್ಲಿ ಹಲಸಿನ ತೋಪುಗಳಿದ್ದುದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಹಲಸು ಬಹಳ 'ಜೋರು', ಮೈಗೆ ಭಾರ ಎಂಬ ಭಯ ಹಲವರಿಗಿದೆ. ಹಣ್ಣಿನ ತೊಳೆ ನೂರು ಗ್ರಾಂಗೆ 88 ಮಾತ್ರ. ಬಾಳೆಹಣ್ಣು 116. ಹಲಸಿನ ಬೀಜ 133. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಹಲಸು ಬೆಳೆಯುವವರು ಈ ಅಂಕೆಯನ್ನು ಧೈರ್ಯವಾಗಿ ಹೇಳಿಕೊಂಡು ಮಾರಬಹುದು.

ಹಲಸೂರಿನ ಹಳೆಯ ಹೋಟೆಲುಗಳಲ್ಲಿ ಇಡ್ಲಿ ತಿಂದವರಿಗೆ ಇನ್ನೊಂದು ಅಚ್ಚರಿ ಕಾದಿದೆ. ಎರಡು ಇಡ್ಲಿಗೆ ಸುಮಾರು ನಲವತ್ತು ಗ್ರಾಂ ಅಕ್ಕಿ ಮತ್ತು ಉದ್ದು ಹಿಡಿಯುತ್ತದೆ, ಎಂದರೆ 140 ಕಿಲೊಕ್ಯಾಲೊರಿ. ಪಕ್ಕದಲ್ಲಿ ಧಾರಾಳವಾಗಿ ಬಡಿಸುವ ಗಟ್ಟಿ ಚಟ್ನಿಯಲ್ಲಿ ಮೂವತ್ತು ಗ್ರಾಂ ಹಸಿ ತೆಂಗಿನಕಾಯಿ ಇದ್ದರೆ ಅದರದ್ದೇ 133. ಇಡ್ಲಿ ಎಷ್ಟೋ ಚಟ್ನಿಯೂ ಅಷ್ಟೇ. 'ಎರಡೇ ಇಡ್ಲಿ' ಎಂದು ಲೆಕ್ಕ ಇಡುವವರು ಚಟ್ನಿಯನ್ನು ಮೂರು ಸಲ ಹಾಕಿಸಿಕೊಳ್ಳುವುದನ್ನು ನೀವೂ ನೋಡಿರಬಹುದು. ಕೊಬ್ಬರಿಯಾದರೆ ನೂರು ಗ್ರಾಂಗೆ 662.

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತ ಹಣ್ಣಿನ ರಸದ ಅಂಗಡಿಗಳಲ್ಲಿ ಬೆಣ್ಣೆಹಣ್ಣಿನ ಪಾನಕ ಬಹಳ ಜನಪ್ರಿಯ. ಬೆಣ್ಣೆಹಣ್ಣು ಹೆಸರಿಗೆ ತಕ್ಕಂತೆ ಜಿಡ್ಡಿನ ಹಣ್ಣು. ತಳಿ ಮತ್ತು ಮಾಗುವಿಕೆಗೆ ಅನುಸಾರವಾಗಿ ನೂರು ಗ್ರಾಂಗೆ 150ರಿಂದ 215ರ ವರೆಗೆ ಇರುತ್ತದೆ. ನೂರು ಗ್ರಾಂ ಹಣ್ಣು, ಒಂದು ಲೋಟ ಹಾಲು, ನಾಲ್ಕು ಚಮಚ ಸಕ್ಕರೆ ಸೇರಿಸಿದ ಒಂದು ಗ್ಲಾಸು ನಾನೂರರ ಹತ್ತಿರ ಬರುತ್ತದೆ. 'ಊಟ ಬೇಡ, ಜ್ಯೂಸ್ ಸಾಕು' ಎಂದವರು ಊಟವನ್ನೇ ಕುಡಿದಿರುತ್ತಾರೆ. ಇದರ ಜಿಡ್ಡು ಒಳ್ಳೆಯ ಜಾತಿಯದು. ಹಣ್ಣನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ಹೊಸದಾಗಿ ಬೆಣ್ಣೆಹಣ್ಣು ಹಾಕಿರುವ ಬೆಳೆಗಾರರು ಕೋಪಿಸಿಕೊಳ್ಳಬಾರದು. ಸಕ್ಕರೆಯನ್ನು ಬಿಡಬಹುದು ಎಂದಷ್ಟೇ ನನ್ನ ಮಾತು. ಹೊಸಕೋಟೆಯಲ್ಲಿ ಕೋಳಿ ಕೂಗುವ ಮೊದಲೇ ಬಿರಿಯಾನಿಗೆ ಸಾಲು ನಿಲ್ಲುವವರ ಲೆಕ್ಕವನ್ನು ನಾನು ಹಾಕಲಿಲ್ಲ. ಕೆಲವು ಸಂತೋಷಗಳನ್ನು ತೂಗಬಾರದು.

ಇಂದಿರಾನಗರದ ದೊಡ್ಡ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಈಗ ಬೆಲೆಯ ಪಕ್ಕದಲ್ಲಿ ಕ್ಯಾಲೊರಿಯೂ ಅಚ್ಚಾಗಿರುತ್ತದೆ. ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಹೀಗೆ ತೋರಿಸಬೇಕೆಂಬ ನಿಯಮ 2022ರಿಂದ ಜಾರಿಗೆ ಬಂದಿದೆ. ಪಟ್ಟಣದವರು ಅದನ್ನು ನೋಡಿ ಹೌಹಾರುತ್ತಾರೆ. ನಮ್ಮ ಮನೆಯ ಅಡಿಗೆಗೆ ಪಟ್ಟಿ ಇಲ್ಲ, ಆದುದರಿಂದ ಹೌಹಾರುವ ಪ್ರಸಂಗವೂ ಇಲ್ಲ. ಯುಗಾದಿಯ ಹೋಳಿಗೆಯನ್ನೇ ತೆಗೆದುಕೊಳ್ಳಿ. ಸಾಧಾರಣ ಗಾತ್ರದ ಒಂದು ಹೋಳಿಗೆಗೆ ಮೈದಾ 25 ಗ್ರಾಂ, ಕಡಲೆಬೇಳೆ 20 ಗ್ರಾಂ, ಬೆಲ್ಲ 25 ಗ್ರಾಂ. ಇವು ಮೂರೂ ಸೇರಿ 257 ಕಿಲೊಕ್ಯಾಲೊರಿ. ಕಣಕ ಎಳೆಯಲು, ಹಂಚಿಗೆ ಹಾಕಲು ಹತ್ತು ಗ್ರಾಂ ಎಣ್ಣೆ ಎಂದರೆ 90. ಮೇಲೆ ಹತ್ತು ಗ್ರಾಂ ತುಪ್ಪ, ಇನ್ನೊಂದು 90. ಒಂದು ಹೋಳಿಗೆ 437. 'ಇನ್ನೊಂದು ಹಾಕಿಸಿಕೊಳ್ಳಿ, ಹಬ್ಬ' ಎಂದು ಅತ್ತೆಯ ಮನೆಯಲ್ಲಿ ಮೂರು ಹಾಕಿದರೆ ಅನ್ನ ಸಾರು ಬರುವ ಮೊದಲೇ ಸಾವಿರದ ಮುನ್ನೂರು ದಾಟಿರುತ್ತದೆ. ವರ್ಷಕ್ಕೊಮ್ಮೆ ಹಬ್ಬ, ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ.

ನನ್ನ ಆಕ್ಷೇಪಣೆ ಇರುವುದು ದಿನನಿತ್ಯದ ಎಣ್ಣೆಗೆ. ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಐದು ಲೀಟರು ಎಣ್ಣೆ ಎಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಐದು ಲೀಟರು ಎಣ್ಣೆ ನಾಲ್ಕೂವರೆ ಕಿ.ಗ್ರಾಂ ತೂಗುತ್ತದೆ. ಒಬ್ಬರಿಗೆ ದಿನಕ್ಕೆ 38 ಗ್ರಾಂ. ಒಂಬತ್ತರಿಂದ ಗುಣಿಸಿ: 340 ಕಿಲೊಕ್ಯಾಲೊರಿ. ಮನೆಯ ಪ್ರತಿಯೊಬ್ಬರೂ, ಮಗುವೂ ಸೇರಿ, ದಿನಕ್ಕೊಂದು ಮುದ್ದೆಯಷ್ಟನ್ನು ಒಗ್ಗರಣೆಯ ರೂಪದಲ್ಲಿ ತಿನ್ನುತ್ತಿದ್ದಾರೆ ಎಂದಾಯಿತು. ಮಸ್ಸೊಪ್ಪಿನಲ್ಲಿ ಸೊಪ್ಪು ನೂರು ಗ್ರಾಂಗೆ 45. ಅದರ ಮೇಲೆ ಎರಡು ಚಮಚ ಒಗ್ಗರಣೆ 90. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯನ್ನು ಸಾರು ಮಾಡಿದರೆ ಒಂದು ಲೆಕ್ಕ, ಎಣ್ಣೆಯಲ್ಲಿ ಕರಿದು ಡಬ್ಬಿಗೆ ತುಂಬಿದರೆ ಬೇರೆ ಲೆಕ್ಕ. ಕರಿಯುವಾಗ ಕಾಳಿನೊಳಗಿನ ನೀರು ಹೊರಗೆ ಹೋಗಿ ಆ ಜಾಗಕ್ಕೆ ಎಣ್ಣೆ ಒಳಗೆ ಬರುತ್ತದೆ. ಸೊನ್ನೆ ಹೋಗಿ ಒಂಬತ್ತು ಬಂದು ಕೂರುತ್ತದೆ.

ಇದನ್ನೆಲ್ಲ ರೈತರಿಗೆ ಏಕೆ ಹೇಳಬೇಕು, ಬೆವರು ಸುರಿಸುವವರಿಗೆ ಕ್ಯಾಲೊರಿಯ ಭಯವೇಕೆ ಎಂದು ನೀವು ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2020ರಲ್ಲಿ ಕೊಟ್ಟ ಅಂಕೆಗಳ ಪ್ರಕಾರ 65 ಕಿ.ಗ್ರಾಂ ತೂಕದ ಗಂಡಸು ಕಠಿಣ ದುಡಿಮೆ ಮಾಡುವವನಾದರೆ ದಿನಕ್ಕೆ 3470 ಕಿಲೊಕ್ಯಾಲೊರಿ ಬೇಕು. ಕುಳಿತು ಕೆಲಸ ಮಾಡುವವನಿಗೆ 2110 ಸಾಕು. 55 ಕಿ.ಗ್ರಾಂ ತೂಕದ ಹೆಂಗಸಿಗೆ ಕ್ರಮವಾಗಿ 2720 ಮತ್ತು 1660. ಗಂಡಸಿನ ಲೆಕ್ಕದಲ್ಲಿ ವ್ಯತ್ಯಾಸ 1360, ಎಂದರೆ ನಾಲ್ಕು ಮುದ್ದೆ. ನೇಗಿಲು ಹಿಡಿದು, ಕಪಿಲೆ ಹೊಡೆದು, ಕಣದಲ್ಲಿ ರಾಗಿ ಬಡಿದ ತಂದೆಗೆ ಆ ನಾಲ್ಕು ಮುದ್ದೆ ಬೇಕಿತ್ತು. ಮಗ ಟ್ರಾಕ್ಟರಿನ ಮೇಲೆ ಕೂರುತ್ತಾನೆ. ನೀರನ್ನು ಕೊಳವೆಬಾವಿಯ ಮೋಟಾರು ಎತ್ತುತ್ತದೆ. ಕಳೆಗೆ ಔಷಧಿ, ಒಕ್ಕಣೆಗೆ ಯಂತ್ರ. ಕೆ.ಆರ್. ಪುರದ ಸುತ್ತಿನ ಹಳ್ಳಿಗಳಲ್ಲಿಯಾದರೋ ಹೊಲವೇ ಬಡಾವಣೆಯಾಗಿ, ಮಗ ಬಾಡಿಗೆ ವಸೂಲು ಮಾಡುತ್ತ ಕುಳಿತಿದ್ದಾನೆ. ಆದರೆ ತಟ್ಟೆ ತಂದೆಯದೇ, ಅದರ ಮೇಲೆ ಎಣ್ಣೆಯೂ ಸಕ್ಕರೆಯೂ ಹೊಸದಾಗಿ ಸೇರಿವೆ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಇದೇ ಮಂಡಲಿಯ ನೆರವಿನಿಂದ ನಡೆದ ಸಮೀಕ್ಷೆ 2023ರಲ್ಲಿ ತಿಳಿಸಿತು. ಅದರಲ್ಲಿ ಹಳ್ಳಿಯವರೂ ಇದ್ದಾರೆ. ತಾನು ರಾಗಿ ತಿನ್ನುವವನು, ತನಗೆ ಆ ಕಾಯಿಲೆ ಹೇಗೆ ಬಂತು ಎಂದು ಕೇಳುವ ರೈತನಿಗೆ 'ರಾಗಿಯಲ್ಲಿ ಕ್ಯಾಲೊರಿ ಕಡಮೆ' ಎಂಬ ನಮ್ಮ ಮಾತು ಏನು ಉತ್ತರ ಕೊಟ್ಟೀತು?

ಹಾಗೆಂದು ಎಲ್ಲರೂ ಕಡಮೆ ತಿನ್ನಬೇಕೆಂದು ತಿಳಿಯಬೇಡಿ. ಕಡಮೆಯಾಗಿ ತೊಂದರೆ ಪಡುವವರು ಅದೇ ಬೀದಿಯಲ್ಲಿದ್ದಾರೆ. ಆ ಬಡಾವಣೆಗಳಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳ ಕೈಗೂಸುಗಳನ್ನು ನೋಡಿ. ನಮ್ಮ ಹಳ್ಳಿಗಳಲ್ಲೂ ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಗಂಜಿ ಕೊಡುವುದು ವಾಡಿಕೆ. ನೂರು ಮಿಲಿಲೀಟರು ನೀರಿಗೆ ಹತ್ತು ಗ್ರಾಂ ಹಿಟ್ಟು ಹಾಕುವಷ್ಟರಲ್ಲಿ ಗಂಜಿ ಅಂಟಿನಂತಾಗುತ್ತದೆ, ಮಗು ನುಂಗಲಾರದು. ತಾಯಿ ಮತ್ತೆ ನೀರು ಬೆರೆಸುತ್ತಾಳೆ. ಹತ್ತು ಗ್ರಾಂ ಹಿಟ್ಟೆಂದರೆ 33 ಕಿಲೊಕ್ಯಾಲೊರಿ. ಅಷ್ಟೇ ಎದೆಹಾಲಿನಲ್ಲಿ 65 ಇರುತ್ತದೆ! ಬಟ್ಟಲು ತುಂಬ ಗಂಜಿ ಕುಡಿದ ಮಗು ಹಸಿದೇ ಇರುತ್ತದೆ, ಹೊಟ್ಟೆ ಮಾತ್ರ ಉಬ್ಬಿರುತ್ತದೆ.

ಇದಕ್ಕೆ ಪರಿಹಾರ ನಮ್ಮ ಅಜ್ಜಿಯಂದಿರ ಕೈಯಲ್ಲೇ ಇತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಅದನ್ನು ಪರೀಕ್ಷಿಸಿ ಕಾರಣ ತಿಳಿಸಿದರು. ರಾಗಿಯನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಬೇಕು. ಆಗ ಕಾಳಿನೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ಗಂಜಿಯಾದಾಗ ಗಟ್ಟಿಯಾಗುವುದಿಲ್ಲ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಬೆಚ್ಚಗೆ ಮಾಡಿ ಬೀಸಿ ಜರಡಿ ಹಿಡಿಯಬೇಕು. ಕೆಂಪಗೆ ಹುರಿಯಬಾರದು, ಹುರಿದರೆ ಘಮ ಬರುತ್ತದೆ, ಆದರೆ ಕಿಣ್ವ ಸಾಯುತ್ತದೆ, ಎರಡು ದಿನದ ಶ್ರಮ ವ್ಯರ್ಥ. ಈ ಹಿಟ್ಟನ್ನು ಅದೇ ನೀರಿಗೆ ಇಪ್ಪತ್ತು ಗ್ರಾಂ ಹಾಕಿದರೂ ಗಂಜಿ ಹರಿಯುವಂತಿರುತ್ತದೆ, ಶಕ್ತಿ ಎರಡರಷ್ಟಾಗುತ್ತದೆ. ಮೂರನೆಯ ಒಂದು ಪಾಲು ಮೊಳಕೆ ಬರಿಸಿದ ಹೆಸರುಕಾಳಿನ ಹಿಟ್ಟು ಸೇರಿಸಿದರೆ ಸಸಾರಜನಕವೂ ಸಿಗುತ್ತದೆ. ಅದೇ ರಾಗಿಯನ್ನು ಇಂದಿರಾನಗರದಲ್ಲಿ ಮೈ ಇಳಿಸಲೆಂದು ಮಾರುತ್ತೇವೆ, ಇಲ್ಲಿ ಮಗುವಿನ ಮೈ ತುಂಬಲೆಂದು ಕೊಡುತ್ತೇವೆ. ಲೆಕ್ಕ ತಿಳಿಯದಿದ್ದರೆ ಎರಡೂ ಕಡೆ ತಪ್ಪುತ್ತೇವೆ.

ಈ ವಿಷಯದಲ್ಲಿ ನಮ್ಮಂತಹ ವಿಸ್ತರಣಾ ಕೆಲಸಗಾರರ ಹೊಣೆ ದೊಡ್ಡದೆಂದು ನನ್ನ ಅಭಿಪ್ರಾಯ. 'ರಾಗಿ ಲಕ್ಷ್ಮಣಯ್ಯ'ನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಕಾಲದಲ್ಲಿ ಎಕರೆಗೆ ಎಷ್ಟು ಕ್ವಿಂಟಾಲ್ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಹೊಟ್ಟೆ ತುಂಬಬೇಕಾಗಿದ್ದ ಕಾಲವದು. ಅದನ್ನು ಚೆನ್ನಾಗಿ ಕಲಿಸಿದೆವು. ಆಮೇಲೆ ಮಾರುಕಟ್ಟೆ, ಬ್ರಾಂಡು, ಪೊಟ್ಟಣ ಎಂದೆವು. ನಡುವೆ ಇರುವ ತಟ್ಟೆಯನ್ನು ಬಿಟ್ಟೆವು. ರೈತನಿಗೆ ಯೂರಿಯಾದಲ್ಲಿ ಶೇಕಡ 46 ಸಾರಜನಕವಿದೆಯೆಂದು ಬಾಯಿಪಾಠ ಬರುತ್ತದೆ. ತನ್ನ ಹಿಟ್ಟಿನಲ್ಲಿ, ತನ್ನ ಎಣ್ಣೆಯಲ್ಲಿ ಏನಿದೆಯೆಂದು ಹೇಳಿಕೊಡುವುದು ಅದಕ್ಕಿಂತ ಕಷ್ಟವಲ್ಲ. ಗೃಹ ವಿಜ್ಞಾನದ ಸಹೋದ್ಯೋಗಿಗಳು ಇದನ್ನು ವರ್ಷಗಳಿಂದ ಹೆಂಗಸರ ತರಬೇತಿಯಲ್ಲಿ ಹೇಳುತ್ತಲೇ ಇದ್ದಾರೆ. ಗಂಡಸರ ತರಬೇತಿಯಲ್ಲಿ ಆ ಹೊತ್ತಿಗೆ ಟೀ ವಿರಾಮ.

ಮಾರುವವರಿಗೆ ಕಾನೂನಿನ ಮಾತೊಂದಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಗಳ ಪ್ರಕಾರ ಘನ ಆಹಾರವೊಂದನ್ನು 'ಕಡಮೆ ಶಕ್ತಿಯದು' ಎಂದು ಹೇಳಿಕೊಳ್ಳಬೇಕಾದರೆ ಅದು ನೂರು ಗ್ರಾಂಗೆ 40 ಕಿಲೊಕ್ಯಾಲೊರಿ ಮೀರಬಾರದು. ರಾಗಿ ಹಿಟ್ಟು ಅದರ ಎಂಟರಷ್ಟು. ಯಾವ ಒಣ ಧಾನ್ಯವೂ, ಯಾವ ಸಿರಿಧಾನ್ಯವೂ ಆ ಬಾಗಿಲನ್ನು ದಾಟಲಾರದು. ಮಜ್ಜಿಗೆ ಒಂದು ಸುಲಭವಾಗಿ ದಾಟೀತು. ದ್ರವಕ್ಕೆ ಇರುವ ಮಿತಿ ನೂರು ಮಿಲಿಲೀಟರಿಗೆ 20, ಮಜ್ಜಿಗೆಯದು 15. ಎಮ್ಮೆಯ ಹಾಲು 117. ಮಜ್ಜಿಗೆಯನ್ನು ಯಾರೂ 'ಕಡಮೆ ಕ್ಯಾಲೊರಿ' ಎಂದು ಕೂಗಿ ಮಾರುತ್ತಿಲ್ಲವೆಂಬುದು ವಿಚಿತ್ರವೇ ಸರಿ.

ಕೊನೆಗೆ ಗುಂಪಿನವರೊಡನೆ ಕುಳಿತು ಹೊಸ ಚೀಟಿಯ ಬರವಣಿಗೆ ಸಿದ್ಧಮಾಡಿದೆವು. 'ನೂರು ಗ್ರಾಂಗೆ ಶಕ್ತಿ 328 ಕಿಲೊಕ್ಯಾಲೊರಿ, ಸುಣ್ಣಾಂಶ 344 ಮಿ.ಗ್ರಾಂ' ಎಂದು ಬರೆದು, ಮಾರಾಟಕ್ಕೆ ಮೊದಲು ತಮ್ಮದೇ ಹಿಟ್ಟನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಬಂದ ಅಂಕೆಯನ್ನೇ ಹಾಕುವುದೆಂದು ತೀರ್ಮಾನವಾಯಿತು. ಮುಂಭಾಗದಲ್ಲಿ ಏನಿರಬೇಕೆಂಬುದಕ್ಕೆ ಮಾತ್ರ ಜಗಳವಾಯಿತು. ಅಧ್ಯಕ್ಷರಿಗೆ 'ಹಗುರ' ಎಂಬ ಪದ ಬಿಡಲು ಮನಸ್ಸಿರಲಿಲ್ಲ. ಅದಿಲ್ಲದಿದ್ದರೆ ಪಟ್ಟಣದವರು ಕೈ ಹಾಕುವುದಿಲ್ಲ ಎಂದರು. ಗುಂಪಿನ ಹಿರಿಯ ಹೆಂಗಸೊಬ್ಬರು, 'ರಾಗಿ ಹಗುರ ಅಂತ ನಮ್ಮೂರಲ್ಲಿ ಹೇಳಿದ್ರೆ ನಗ್ತಾರೆ' ಎಂದರು. ಈಗಿನ ಚೀಟಿಯಲ್ಲಿ ಆ ಪದವಿಲ್ಲ. ಮೊಳಕೆ ರಾಗಿಯ ಹಿಟ್ಟನ್ನು ಬೇರೆ ಪೊಟ್ಟಣದಲ್ಲಿ ಕಟ್ಟುತ್ತಿದ್ದಾರೆ, ಅದರ ಹಿಂಭಾಗದಲ್ಲಿ ಗಂಜಿಗೆ ಎಷ್ಟು ನೀರು, ಎಷ್ಟು ಹಿಟ್ಟು ಎಂಬುದು ದಪ್ಪ ಅಕ್ಷರದಲ್ಲಿದೆ.